ಹೋರಿಗರುಗಳಿಗೆ ಲಸಿಕೆ: ಎರಡನೇ ಸೂಜಿ ಬಿಟ್ಟು ಕೆಟ್ಟಿದ್ದು

ಹಳ್ಳಿಕಾರ್ ಹೋರಿಗರು ಜೋಡಿ ಕಟ್ಟಿ, ಸಾಕಿ, ಹೇಮಗಿರಿ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರೋದು ನನ್ನ ಕಸುಬು. ಊರು ಕೆ.ಆರ್. ಪೇಟೆ ಹತ್ತಿರ. "ಸೂಜಿ ಹಾಕ್ಸಿದ್ರೆ ಕರು ಸೊರಗುತ್ತೆ ಕಣ್ಲಾ, ಗಿರಾಕಿ ಮೂಸೂ ನೋಡಲ್ಲ" ಅಂತ ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದರು. ಪೂರ್ತಿ ಸುಳ್ಳೂ ಅಲ್ಲ. ಕಾಲುಬಾಯಿ ರೋಗದ ಲಸಿಕೆ ಎಣ್ಣೆಯದ್ದು, ಕೆಲವು ಕರುಗಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ನಿಲ್ಲುತ್ತದೆ. ಗಿರಾಕಿ ಮೊದಲು ಕೈಯಾಡಿಸೋದೇ ಅಲ್ಲಿ.

ನಾಲ್ಕೈದು ವರ್ಷದ ಹಿಂದೆ ಒಂದು ಜೋಡಿ ತಂದೆ, ಸುಮಾರು 48 ಸಾವಿರ. ಟೆಂಪೋದಿಂದ ಇಳಿಸಿದ ದಿನವೇ ಸೂಜಿ ಹಾಕಿಸಿದೆ. ಸುಸ್ತಾದ ಕರು, ಹೊಟ್ಟೆ ತುಂಬ ಹುಳು. ಎರಡನೇ ಸೂಜಿ ಯಾಕೆ ಸುಮ್ನೆ ಅಂತ ಬಿಟ್ಟೆ. ಎರಡು ತಿಂಗಳಿಗೆ ಪಕ್ಕದ ಕೊಟ್ಟಿಗೆಗೆ ಕಾಲುಬಾಯಿ ಬಂತು. ಎಳೆ ಕರುವಿಗೆ ಈ ರೋಗ ಗುಂಡಿಗೆಗೇ ಹೊಡೆಯುತ್ತದೆ. ಬಾಯಲ್ಲಿ ಹುಣ್ಣು ಕಾಣೋ ಮೊದಲೇ ಒಂದು ಕರು ಸತ್ತು ಬಿತ್ತು. ಇನ್ನೊಂದು ಜೊಲ್ಲು ಸುರಿಸಿಕೊಂಡು, ಕುಂಟಿಕೊಂಡು ಉಳಿಯಿತು. ಔಷಧಿಗೆ ಆರೇಳು ಸಾವಿರ. ಒಂಟಿ ಕರು ಯಾರಿಗೆ ಬೇಕು? 14 ಸಾವಿರಕ್ಕೆ ಕೊಟ್ಟೆ.

ಈಗ ತಂದ ಕರುವನ್ನು ಹದಿನೈದು ದಿನ ಬೇರೆ ಕಟ್ಟುತ್ತೇನೆ. ಬಂದ ಎರಡನೇ ದಿನ ಹುಳುವಿನ ಔಷಧಿ. ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಸೂಜಿ, ಸರಿಯಾಗಿ ಒಂದು ತಿಂಗಳಿಗೆ ಎರಡನೇದು. ಜಾತ್ರೆಗೆ ಒಂದೂವರೆ ತಿಂಗಳು ಮೊದಲೇ ಎರಡೂ ಮುಗಿದಿರಬೇಕು, ಹಾಗೆ ಹಿಂದಿನಿಂದ ಲೆಕ್ಕ ಹಾಕುತ್ತೇನೆ. ತೊಂದರೆ ಎರಡನೇದರಲ್ಲೇ. ಸರ್ಕಾರದವರು ಆರು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಪುಕ್ಕಟೆ ಹಾಕುತ್ತಾರೆ, ನಡುವೆ ನಮ್ಮ ಎರಡು ಕರುವಿಗೋಸ್ಕರ ಬಾಟ್ಲು ಒಡೆಯಲ್ಲ. ಅದಕ್ಕೆ ಅಕ್ಕಪಕ್ಕದ ಇಪ್ಪತ್ತು ಕರು ಸೇರಿಸಿ ಡಾಕ್ಟ್ರನ್ನು ಕರೆದೆ. ಲಸಿಕೆ ತಣ್ಣಗಿದೆಯಾ ಅಂತ ಐಸ್ ಬಾಕ್ಸ್ ಮುಟ್ಟಿ ನೋಡಿದ ಮೇಲೇ ಕರು ಹಿಡಿದೆ, ಅವರು ನಕ್ಕರು. ನಮ್ಮೂರಲ್ಲೇ ಒಬ್ಬ ಕಾಲುಬಾಯಿ ಲಸಿಕೆಯನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿದ್ದ. ಹೆಪ್ಪುಗಟ್ಟಿದರೆ ಅದು ನೀರಿಗೆ ಸಮ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಅದಕ್ಕೆ ಆಗ ಹಾಕುತ್ತಿದ್ದ ಮೇಕೆ ಸಿಡುಬಿನ ಲಸಿಕೆಯನ್ನೂ ಹಾಕಿಸಿದೆ, ಬೇರೆ ದಿನ. ಒಂದು ಕರುವಿಗೆ ಅಷ್ಟರಲ್ಲೇ ಗಂಟು ಎದ್ದಿತ್ತು. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ನೆಕ್ಕಿಸಿದೆ. ಮೇವು ಮುಟ್ಟಿತು, ಗಂಟು ಮಾತ್ರ ತಿಂಗಳಾದರೂ ಇತ್ತು.

ಕಳೆದ ಜಾತ್ರೆಯಲ್ಲಿ ಜೋಡಿ ಒಂದು ಲಕ್ಷದ ಹತ್ತು ಸಾವಿರ ಚಿಲ್ಲರೆಗೆ ಹೋಯಿತು. ಗಿರಾಕಿ ಕುತ್ತಿಗೆ ಎರಡು ಸಲ ಸವರಿದ, ಏನೂ ಸಿಗಲಿಲ್ಲ. ಸೂಜಿಯ ಗಂಟಿಗೆ ಏನು ಹಚ್ಚುತ್ತೇನೆ ಅಂತ ಮಾತ್ರ ಕೇಳಬೇಡಿ. ದೊಡ್ಡಪ್ಪನೂ ಕೇಳಿದರು, ಹೇಳಲಿಲ್ಲ. ಅವರ ಎರಡು ಕರು ಈ ಸಲದ ಇಪ್ಪತ್ತರಲ್ಲಿ ಸೇರಿವೆ. ಹುಳುವಿನ ಔಷಧಿ ಕಾಸು ಇನ್ನೂ ಕೊಟ್ಟಿಲ್ಲ.