ಎರಡು ಅಮೆರಿಕನ್ ಆಲ್ಕೊ ಬಿಚ್ಚಿ ಒಂದು ಡಬ್ಲ್ಯುಡಿಎಂ-2 ಕಟ್ಟಿದ್ದು

ಮಾಡೆಲ್ ರೈಲುಗಳ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ನಮ್ಮ ಭಾರತೀಯ ರೈಲ್ವೆಯ ಇಂಜಿನ್ ಬೇಕೆಂದರೆ ಹೆಚ್ಚಿನ ಸಲ ನಾವೇ ಮಾಡಿಕೊಳ್ಳಬೇಕು. ನನಗೆ ಬೇಕಿದ್ದದ್ದು ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್. ಪೂರ್ತಿ ಕೈಯಿಂದ ಕಟ್ಟುವ ತಾಳ್ಮೆ ನನಗಿಲ್ಲ. ಹಾಗಾಗಿ ಹಳೆಯ ಮಾಡೆಲ್‌ಗಳನ್ನು ಬಿಚ್ಚಿ, ಕೊಯ್ದು, ಜೋಡಿಸುವ ದಾರಿ ಹಿಡಿದೆ.

ಬಹಳ ಜನ ಮೇಲಿನ ಕವಚ ನೋಡಿ ಮಾಡೆಲ್ ಆರಿಸುತ್ತಾರೆ. ನಾನು ಗಾಲಿಗಳಿಂದ ಶುರು ಮಾಡಿದೆ. ಡಬ್ಲ್ಯುಡಿಎಂ-2 ಜಾತಿಯಲ್ಲಿ ಆಲ್ಕೊ, ಅಂದರೆ ಆ ಹೆಸರಿನ ಅಮೆರಿಕನ್ ಕಂಪನಿಯ ವಿನ್ಯಾಸ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. ಅದರ ಮೂರು ಅಚ್ಚಿನ ಬೋಗಿಗೆ (ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ಇಂಜಿನ್ನಿನ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು) ಟ್ರೈಮೌಂಟ್ ಎನ್ನುತ್ತಾರೆ. ಅದರಲ್ಲಿ ಅಚ್ಚುಗಳ ನಡುವಿನ ಅಂತರ ಸಮ ಇರುವುದಿಲ್ಲ. ಎರಡು ಹತ್ತಿರ, ಮೂರನೆಯದು ತುಸು ದೂರ. ಅಗ್ಗಕ್ಕೆ ಸಿಕ್ಕಿತೆಂದು ಇಎಂಡಿ ಎಂಬ ಇನ್ನೊಂದು ಅಮೆರಿಕನ್ ಕಂಪನಿಯ ಇಂಜಿನ್ ಮಾಡೆಲ್ಲಿನ ಗಾಲಿಗಳ ಮೇಲೆ ಎಷ್ಟೇ ಚಂದದ ಕವಚ ಕೂರಿಸಿದರೂ, ರೈಲು ಹುಚ್ಚಿನವರು ಮೊದಲ ನೋಟಕ್ಕೇ ಹಿಡಿದುಬಿಡುತ್ತಾರೆ. (ಡಬ್ಲ್ಯುಡಿಜಿ-4 ಮಾಡುವವರಿಗೆ ಇಎಂಡಿಯೇ ಸರಿ, ಅದು ಆ ವಂಶದ್ದೇ.)

ನಾನು ಆರಿಸಿದ್ದು ಅಟ್ಲಾಸ್ ಎಂಬ ಮಾಡೆಲ್ ಕಂಪನಿಯ ಹಳೆಯ ಆರ್‌ಎಸ್‌ಡಿ-12, ಆರು ಅಚ್ಚಿನ ಆಲ್ಕೊ ಇಂಜಿನ್. ಟ್ರೈಮೌಂಟ್ ಬೋಗಿ ಬಂದೇ ಬಂತು, ಒಳಗಿನ ಮೋಟಾರೂ ಗಟ್ಟಿ. ಜೊತೆಗೆ ಅದರ ನಾಲ್ಕು ಅಚ್ಚಿನ ತಮ್ಮ ಆರ್‌ಎಸ್-11ರ ಒಂದು ಸೆಕೆಂಡ್ ಹ್ಯಾಂಡ್ ಕವಚ. ಎರಡನೆಯದು ಏಕೆ ಬೇಕಾಯಿತೆಂದರೆ, ಆರ್‌ಎಸ್‌ಡಿ-12ರ ಒಳಗಿದ್ದದ್ದು 12 ಸಿಲಿಂಡರಿನ 1800 ಅಶ್ವಶಕ್ತಿಯ ಡೀಸೆಲ್. ನಮ್ಮದರಲ್ಲಿ 16 ಸಿಲಿಂಡರ್, 2600 ಅಶ್ವಶಕ್ತಿ. ಎಂಜಿನ್ ಬೆಳೆದರೂ ಗಾಡಿಯ ಉದ್ದ ಹೆಚ್ಚು ಬೆಳೆಯಲಿಲ್ಲ. ಹಾಗಾಗಿ ಎಂಜಿನ್ ಮುಚ್ಚುವ ಉದ್ದದ ಮೂತಿ, ಅಂದರೆ ಲಾಂಗ್ ಹುಡ್, ಇನ್ನೂ ಉದ್ದವಾಯಿತು; ಚಾಲಕನ ಕ್ಯಾಬಿನ ಆಚೆಯ ಗಿಡ್ಡ ಮೂತಿ, ಅಂದರೆ ಶಾರ್ಟ್ ಹುಡ್, ಮೊಟಕಾಯಿತು. ಮಾಡೆಲ್ಲಿನಲ್ಲಿ ನಾನು ಮಾಡಿದ್ದೂ ಅಷ್ಟೇ: ಒಂದರ ಶಾರ್ಟ್ ಹುಡ್ ಮೊಟಕು ಮಾಡಿ, ಇನ್ನೊಂದರ ಲಾಂಗ್ ಹುಡ್ಡಿನಿಂದ ಒಂದು ತುಂಡು ತಂದು ಸೇರಿಸಿದೆ.

ಕೊಯ್ಯುವ ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಹುಡ್ಡಿನ ಪಕ್ಕದಲ್ಲಿ ಸಾಲಾಗಿ ಬಾಗಿಲುಗಳಿರುತ್ತವಲ್ಲ, ಬಾಗಿಲಿನ ನಡುವೆ ಕೊಯ್ದರೆ ಎಷ್ಟು ಪುಟ್ಟಿ ಮೆತ್ತಿದರೂ ಗಾಯ ಕಾಣುತ್ತದೆ. ಎರಡು ಬಾಗಿಲು ಕೂಡುವ ಗೆರೆಯ ಮೇಲೇ ಕೊಯ್ದರೆ ಬೆಸುಗೆಯೇ ಬಾಗಿಲ ಗೆರೆಯಾಗುತ್ತದೆ. ಗೆರೆಗಿಂತ ಒಂದು ಕೂದಲಿನಷ್ಟು ಆಚೆ ತೆಳು ಗರಗಸ ಇಟ್ಟು ಕೊಯ್ದೆ. ಉಳಿದದ್ದನ್ನು ಗಾಜಿನ ಮೇಲೆ ಉಜ್ಜುಕಾಗದ ಹಾಸಿ, ತುಂಡನ್ನು ನೆಟ್ಟಗೆ ನಿಲ್ಲಿಸಿ ಉಜ್ಜುತ್ತಾ ಗೆರೆಗೆ ತಂದೆ. ಒಳಗಡೆ ಅರ್ಧ ಮಿಲಿಮೀಟರ್ ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಯ ಆಸರೆ. ನೀರಿನಂಥ ಪ್ಲಾಸ್ಟಿಕ್ ಸಿಮೆಂಟನ್ನು ಕುಂಚದ ತುದಿಯಲ್ಲಿ ಒಳಗಿನಿಂದ ಮುಟ್ಟಿಸಿದರೆ ಸಾಕು, ಸಂದಿನುದ್ದಕ್ಕೂ ತಾನೇ ಹರಿದುಕೊಳ್ಳುತ್ತದೆ. ರಾತ್ರಿಯಿಡೀ ಮುಟ್ಟಬಾರದು. ಬೆಳಿಗ್ಗೆ ಬೂದು ಪ್ರೈಮರ್ ಹೊಡೆದರೆ ಎಲ್ಲೆಲ್ಲಿ ಬಿರುಕಿದೆಯೋ ಅದೇ ಹೇಳುತ್ತದೆ.

ಕ್ಯಾಬನ್ನು ಉಳಿಸಿಕೊಳ್ಳಲು ಹೋಗಲಿಲ್ಲ. ಕಿಟಕಿಗಳ ಆಕಾರ ನಮ್ಮದಕ್ಕೆ ಹೊಂದುವುದಿಲ್ಲ; ಸ್ಟೈರೀನ್ ಶೀಟಿನಲ್ಲಿ ಹೊಸದೇ ಕೊಯ್ದು ಕೂರಿಸಿದೆ. ಕೈಹಿಡಿ ಕಂಬಿಗಳು ಹಿತ್ತಾಳೆ ತಂತಿಯವು.

ಬಫರ್‌ಗಳದ್ದು, ಅಂದರೆ ಡಿಕ್ಕಿಯ ಹೊಡೆತ ತಾಳಲು ಮುಂದೆ ಹಿಂದೆ ಇರುವ ದುಂಡು ತಟ್ಟೆಗಳದ್ದು, ಬೇರೆಯೇ ಕಥೆ. ಅಮೆರಿಕನ್ ಇಂಜಿನ್‌ಗಳಿಗೆ ಬಫರ್ ಇರುವುದಿಲ್ಲ, ಯುರೋಪಿನ ಮಾಡೆಲ್‌ಗಳಿಗೆ ಇರುತ್ತದೆ. ಒಂದು ಜರ್ಮನ್ ಇಂಜಿನ್ನಿನ ಮುಂಭಾಗದ ಬೀಮ್ ಇಡಿಯಾಗಿ ಕಿತ್ತು ಅಂಟಿಸಿದರೆ ಮುಗಿಯಿತಲ್ಲ ಅನಿಸುತ್ತದೆ. ಆದರೆ ಅಲ್ಲಿ ಎರಡು ಬಫರ್‌ಗಳ ನಡುವಿನ ಅಂತರ 1750 ಮಿ.ಮೀ., ನಮ್ಮ ಬ್ರಾಡ್‌ಗೇಜಿನಲ್ಲಿ 1956. ಎಚ್‌ಒನಲ್ಲಿ 20.1ಕ್ಕೂ 22.5ಕ್ಕೂ ಇರುವ ವ್ಯತ್ಯಾಸ. ಎದುರಿನಿಂದ ನೋಡಿದರೆ ಇಂಜಿನ್ನಿನ ಮುಖವೇ ಬಡಕಲಾಗುತ್ತದೆ. ಬಫರ್ ಮಾತ್ರ ಬಿಡಿಸಿಕೊಂಡು, ಬೀಮ್ ನಾನೇ ಮಾಡಿ, ಅಳೆದು ತೂತು ಕೊರೆದೆ. ನಡುವೆ ಡಬ್ಬಿ ಜೋಡಿಸುವ ಕೊಂಡಿ, ಕೇಡೀ ಕಂಪನಿಯ ಕಪ್ಲರ್.

ಹಳಿಯ ಅಗಲದಲ್ಲಿ ಮಾತ್ರ ರಾಜಿ. 1676 ಮಿ.ಮೀ. ಗೇಜು 1:87ರಲ್ಲಿ 19.3 ಆಗಬೇಕು, ಎಚ್‌ಒ ಹಳಿ 16.5. ಹೊಸ ಹಳಿ, ಹೊಸ ಅಚ್ಚು ಎಂದು ಹೊರಟರೆ ಇಡೀ ಲೇಔಟನ್ನೇ ಬದಲಿಸಬೇಕು. ನಾನು ಬೋಗಿಯ ಪಕ್ಕದ ಚೌಕಟ್ಟುಗಳನ್ನು ತುಸು ಹೊರಕ್ಕೆ ಸರಿಸಿ, ಹಿಂದಿನ ಸಂದಿಗೆ ಮಂಕು ಕಪ್ಪು ಬಳಿದೆ. ಪಕ್ಕದಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಗಾಲಿಯ ವ್ಯಾಸವೂ ಹಾಗೆಯೇ: 12.5 ಇರಬೇಕಾದಲ್ಲಿ 11.7 ಇದೆ. ಇರಲಿ ಬಿಡಿ.

ವಿದ್ಯುತ್ ಭಾಗದಲ್ಲಿ ಹೆಚ್ಚು ಕೈಯಾಡಿಸಲಿಲ್ಲ. ಮೋಟಾರು, ಗೇರು ಇದ್ದಂತೆಯೇ ಇವೆ. ಹೆಡ್‌ಲೈಟಿಗೆ ಮಾತ್ರ ಹಳದಿ ಛಾಯೆಯ ಎಲ್‌ಇಡಿ, ಸರಣಿಯಲ್ಲಿ ಒಂದು ಕಿಲೊ ಓಮ್ ರೆಸಿಸ್ಟರ್.

ಅಕ್ಷರ ಹಾಕುವ ಮುಂಚೆ ಇಸವಿ ತೀರ್ಮಾನಿಸಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈರುತ್ಯ ರೈಲ್ವೆ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಕೃಷ್ಣರಾಜಪುರ ದಕ್ಷಿಣ ರೈಲ್ವೆಗೆ ಸೇರಿತ್ತು. ನನ್ನದು ತೊಂಬತ್ತರ ದಶಕದ ಗಾಡಿ, ಹಾಗಾಗಿ ದಕ್ಷಿಣ ರೈಲ್ವೆಯ ಅಕ್ಷರಗಳು. ಡೆಕಾಲ್ ಹಾಳೆಯನ್ನು (ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರಗಳ ಹಾಳೆ) ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿಕೊಂಡೆ.

ಈಗ ಓಡುತ್ತದೆ. 22 ಇಂಚು ತ್ರಿಜ್ಯದ ತಿರುವಿನಲ್ಲಿ ಮೊದಮೊದಲು ಇಂಜಿನ್ನಿನ ಬಫರೂ ಮೊದಲ ಡಬ್ಬಿಯ ಬಫರೂ ಒಂದಕ್ಕೊಂದು ಒರಗಿ ಡಬ್ಬಿಯನ್ನು ಹಳಿಯಿಂದ ಎತ್ತುತ್ತಿದ್ದವು. ಉದ್ದ ಕತ್ತಿನ ಕಪ್ಲರ್ ಹಾಕಿದ ಮೇಲೆ ನಿಂತಿತು. ಉಳಿದಿರುವ ಆರ್‌ಎಸ್-11 ಕ್ಯಾಬು ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.