ಕಾರು ತಗೊಂಡ ದಿನ ನಾವು ನಿಂತಿದ್ದು ಫಾಲ್ಕಿರ್ಕ್‌ನಲ್ಲಿ

ಸ್ಕಾಟ್‌ಲೆಂಡಿನ ಎಡಿನ್‌ಬರ್ಗ್‌ನಲ್ಲಿ ಎರಡು ದಿನ ಕಾಲ್ನಡಿಗೆಯಲ್ಲೇ ಸುತ್ತಿ, ಮೂರನೇ ದಿನ ಬೆಳಿಗ್ಗೆ ಏರ್‌ಪೋರ್ಟ್‌ನಲ್ಲಿ ಬಾಡಿಗೆ ಕಾರು ತಗೊಂಡೆವು. ಅವತ್ತೇ ಬೆಟ್ಟಗಳ ನಡುವಿನ ಗ್ಲೆನ್‌ಕೋ ಕಣಿವೆ ತನಕ ಹೋಗಿಬಿಡೋಣ ಅಂತ ನಮ್ಮವರ ಆಸೆ. ನಾನು ಒಪ್ಪಲಿಲ್ಲ. "ರೀ, ಮೊದಲ ದಿನ ಹತ್ತಿರದಲ್ಲೇ ಎಲ್ಲಾದ್ರೂ ನಿಲ್ಲೋಣ. ಕಾರು ಕೈಗೆ ಕೂರಲಿ, ಬೆಟ್ಟ ಎಲ್ಲೂ ಹೋಗಲ್ಲ" ಅಂದೆ. ಹಾಗೆ ಆರಿಸಿಕೊಂಡಿದ್ದು ಸುಮಾರು ಅರ್ಧ ಗಂಟೆ ದೂರದ ಫಾಲ್ಕಿರ್ಕ್ ಊರು.

ಆಟೊಮ್ಯಾಟಿಕ್ ಬುಕ್ ಮಾಡಿದ್ದೆವು. ಕೌಂಟರ್‌ನಲ್ಲಿ ಕೊಡಲು ಹೊರಟಿದ್ದು ಗೇರ್ ಕಾರು. ಬುಕಿಂಗ್ ತೋರಿಸಿ, ಮುಕ್ಕಾಲು ಗಂಟೆ ಕಾದು ಬದಲಾಯಿಸಿಕೊಂಡೆವು. ಕಾದಿದ್ದು ಒಳ್ಳೇದೇ ಆಯ್ತು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸ್‌ನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಹೊಸದು ಅನ್ನಿಸಿದ್ದು ಎರಡೇ. ಒಂದು, ವೇಗದ ಬೋರ್ಡು ಮೈಲಿ ಲೆಕ್ಕದಲ್ಲಿರುತ್ತದೆ; 30 ಅಂದರೆ ನಮ್ಮ 48 ಕಿ.ಮೀ. ಇನ್ನೊಂದು ರೌಂಡಬೌಟ್. ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು, ಆಮೇಲೆ ಒಳಗೆ ಹೋಗಬೇಕು. ಮೊದಲ ಕೆಲವು ಕಡೆ ನಾನು ಪಕ್ಕದಲ್ಲಿ ಕೂತು "ಬಲಕ್ಕೆ ನೋಡಿ, ಮೂರನೇ ದಾರಿ" ಅಂತ ಜೋರಾಗಿ ಹೇಳುತ್ತಿದ್ದೆ.

ಫಾಲ್ಕಿರ್ಕ್‌ನಲ್ಲಿ ನೋಡಬೇಕಾದ್ದು ದೋಣಿ ಎತ್ತುವ ಅಲ್ಲಿನ ಚಕ್ರ. ಎರಡು ಕಾಲುವೆಗಳು ಇಲ್ಲಿ ಸೇರುತ್ತವೆ, ಒಂದು ಕೆಳಗೆ, ಇನ್ನೊಂದು ಬೆಟ್ಟದ ಮೇಲೆ. ಹಿಂದೆ ಒಂದರ ಮೇಲೊಂದರಂತೆ 11 ಲಾಕ್‌ಗಳಿದ್ದವು, ಅಂದರೆ ಎರಡೂ ಕಡೆ ಬಾಗಿಲಿರುವ ನೀರಿನ ಕಟ್ಟೆಗಳು. ದೋಣಿ ಪ್ರತಿ ಲಾಕ್‌ನಲ್ಲೂ ನೀರು ತುಂಬುವ ತನಕ ಕಾಯುತ್ತಾ ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕಿತ್ತು. 1933ರಲ್ಲಿ ಅವು ಮುಚ್ಚಿಹೋದವು. 2002ರಲ್ಲಿ ಬಂದ ಈ ಚಕ್ರ ದೋಣಿಯನ್ನು ನೀರಿನ ಸಮೇತ ಎತ್ತಿ 24 ಮೀಟರ್ ಮೇಲಕ್ಕೆ ಒಯ್ಯುತ್ತದೆ.

ದೂರದಿಂದ ನೋಡಿದಾಗ ಎರಡು ದೊಡ್ಡ ಕೊಕ್ಕುಗಳು ಎದುರುಬದುರು ಬಾಗಿದ ಹಾಗಿದೆ. ಸುಮ್ನೆ ನಿಂತು ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ದೋಣಿಯಲ್ಲಿ ಕೂರಲೇಬೇಕು ಅನ್ನೋದು ನನ್ನ ಮಾತು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಂಡಿದ್ದೆವು.

ದೋಣಿ ನಿಧಾನವಾಗಿ ಉಕ್ಕಿನ ತೊಟ್ಟಿಯೊಳಗೆ ಬಂತು. ಹಿಂದೆ ಬಾಗಿಲು ಮೇಲೆದ್ದಿತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅದರ ಸದ್ದೂ ನಿಂತಿತು. ಇನ್ನೇನು ಹೊರಡುತ್ತದೆ ಅಂತ ನಾನು ಸೀಟಿನ ಅಂಚು ಹಿಡಿದು ಕೂತೆ. ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಕಿಟಕಿಯ ಆಚೆ ಇದ್ದ ಕಟ್ಟಡದ ಮಾಡು ನಮಗಿಂತ ಕೆಳಗಿತ್ತು! ಒಂದು ಕುಲುಕಾಟ ಇಲ್ಲ. ಎದುರಿನ ಮೇಜಿನ ಮೇಲಿದ್ದ ಕಪ್ಪಿನಲ್ಲಿ ಕಾಫಿ ಅಲ್ಲಾಡಲಿಲ್ಲ.

ಗುಟ್ಟು ತಕ್ಕಡಿಯದು. ಚಕ್ರದ ಎರಡು ಕಡೆ ಎರಡು ತೊಟ್ಟಿ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ದೋಣಿ ತೊಟ್ಟಿಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಒಂದರಲ್ಲಿ ದೋಣಿ ಇದ್ದು ಇನ್ನೊಂದು ಬರೀ ನೀರಾಗಿದ್ದರೂ ತೂಕ ಸಮ. ಸ್ವಲ್ಪ ತಳ್ಳಿದರೆ ಸಾಕು. ಒಮ್ಮೆ ಅರ್ಧ ಸುತ್ತು ತಿರುಗಲು ಬೇಕಾಗೋದು ಸುಮಾರು 1.5 ಯೂನಿಟ್ ಕರೆಂಟ್, ಅಂದರೆ ಎಂಟು ಕೆಟಲ್ ನೀರು ಕುದಿಸುವಷ್ಟು. ಆರ್ಕಿಮಿಡೀಸ್‌ನ ಪಾಠ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಮೇಲೇ ಕೂತು ಮೇಲೆ ಹೋಗುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಮೇಲೆ ದೋಣಿ ಗಾಳಿಯಲ್ಲಿ ಚಾಚಿದ ಕಾಲುವೆ ದಾಟಿ ಒಂದು ಸುರಂಗಕ್ಕೆ ಹೋಗುತ್ತದೆ. ಅದರ ಮೇಲೆ ಆಂಟೊನೈನ್ ಗೋಡೆ ಹಾದುಹೋಗುತ್ತದೆ, ರೋಮನ್ನರು ಕ್ರಿ.ಶ. 142ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು. ನಮ್ಮವರು ಇಡೀ ದಾರಿ ಗೇರುಗಳ ಬಗ್ಗೆಯೇ ಕೇಳುತ್ತಿದ್ದರು. ಚಕ್ರ ತಿರುಗುವಾಗ ತೊಟ್ಟಿಗಳು ಮಗುಚದೆ ನೆಟ್ಟಗೆ ಇರೋದು ಆ ಗೇರುಗಳಿಂದಲೇ.

ಸಂಜೆ ಹತ್ತಿರದಲ್ಲೇ ಇರುವ ಕೆಲ್ಪೀಸ್ ನೋಡಿದೆವು. 30 ಮೀಟರ್ ಎತ್ತರದ ಎರಡು ಉಕ್ಕಿನ ಕುದುರೆ ತಲೆಗಳು. ಕಾಲುವೆ ದಡದಲ್ಲಿ ದೋಣಿ ಎಳೆಯುತ್ತಿದ್ದ ಕುದುರೆಗಳ ನೆನಪಿಗೆ ಕಟ್ಟಿದ್ದು. ಮಳೆ ಬಂತು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಮಾರನೇ ದಿನ ಕ್ಯಾಲಂಡರ್ ಅನ್ನೋ ಊರಿನ ಮೇಲೆ ಹಾದು ಗ್ಲೆನ್‌ಕೋ ಕಡೆ ಹೊರಟೆವು. ರೌಂಡಬೌಟ್ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಬಲಕ್ಕೆ ನೋಡಿಯಾಗಿತ್ತು.