ಹೊಲವನ್ನು ಕಾಡಿಗೆ ಬಿಡುವ ಮುನ್ನ ಹಾಕಬೇಕಾದ ಲೆಕ್ಕ

ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ಮಾಗಡಿ, ಕನಕಪುರ, ಆನೇಕಲ್ ಸೀಮೆಗಳಲ್ಲಿ ಬೀಳುಬಿದ್ದ ಹೊಲವನ್ನು ಮತ್ತೆ ಕುರುಚಲು ಕಾಡಾಗಿಯೋ ಹುಲ್ಲುಗಾವಲಾಗಿಯೋ ಮಾಡಬೇಕೆಂಬ ಆಸೆ ಕೆಲವು ರೈತರಲ್ಲಿಯೂ ಇದೆ, ನಗರದಿಂದ ಹೋಗಿ ಜಮೀನು ಕೊಂಡವರಲ್ಲಿಯೂ ಇದೆ. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ಕೈಬಿಟ್ಟ ಮೇಲೆ ಎರಡನೆಯವರಿಗೆ ದಾರಿ ಸಲೀಸಾಗಿದೆ. ಇಬ್ಬರೂ ಮೊದಲು ಕೇಳುವುದು ಸಸಿಗೆ ಎಷ್ಟು, ಗುಂಡಿಗೆ ಎಷ್ಟು ಎಂದು. ಆದರೆ ಖರ್ಚಿನ ದೊಡ್ಡ ಪಾಲು ಸಸಿಯದಲ್ಲ. ಅದು ಕೈಬಿಟ್ಟ ಬೆಳೆಯದು, ಬೇಲಿಯದು ಮತ್ತು ಕಾಯುವ ವರ್ಷಗಳದು. ಲೆಕ್ಕವನ್ನು ಆ ತುದಿಯಿಂದಲೇ ಶುರುಮಾಡಬೇಕು.

ಮೊದಲು: ಯಾವ ಎಕರೆ ಎಷ್ಟು ಕೊಡುತ್ತಿದೆ?

ಐದು ಎಕರೆ ಹೊಲವೆಂದರೆ ಒಂದೇ ಬಗೆಯ ಐದು ಎಕರೆಯಲ್ಲ. ಗರಸು ಮಣ್ಣಿನ ದಿಣ್ಣೆ, ಹಳ್ಳದ ದಂಡೆ, ಮಣ್ಣು ಬಂದು ನಿಂತ ತಗ್ಗು ಇವು ಮೂರಕ್ಕೂ ಬೇರೆ ಬೇರೆ ಲೆಕ್ಕ ಬರೆಯಬೇಕು. ತಗ್ಗಿನಲ್ಲಿ ಮಳೆಯಾಶ್ರಿತ ರಾಗಿ ಎಕರೆಗೆ 8 ಕ್ವಿಂಟಲ್ ಬರುತ್ತದೆ ಎಂದಿಟ್ಟುಕೊಳ್ಳೋಣ; 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಲ್ಲಿಗೆ ಸುಮಾರು 39,000 ರೂಪಾಯಿ. ಇದರಲ್ಲಿ ಉಳುಮೆ, ಗೊಬ್ಬರ, ಕಳೆ, ಕಟಾವು, ಒಕ್ಕಣೆ ಎಲ್ಲವನ್ನೂ, ಜೊತೆಗೆ ಮನೆಯವರ ದುಡಿಮೆಗೂ ಊರಿನ ಕೂಲಿ ದರವನ್ನು ಕಳೆದು ಉಳಿದದ್ದನ್ನು ಬರೆದುಕೊಳ್ಳಿ. ರಾಗಿ ಹುಲ್ಲನ್ನು ಮರೆಯಬಾರದು. ಮನೆಯಲ್ಲಿ ಹಸುಗಳಿದ್ದರೆ ಹೊಲ ಬಿಟ್ಟ ವರ್ಷದಿಂದಲೇ ಆ ಹುಲ್ಲನ್ನು ದುಡ್ಡು ಕೊಟ್ಟು ತರಬೇಕಾಗುತ್ತದೆ. ಹೀಗೆ ಕೂಡಿ ಕಳೆದಾಗ ದಿಣ್ಣೆಯ ಎಕರೆ ಸೊನ್ನೆಯ ಆಸುಪಾಸಿಗೆ ಬಂದು ನಿಲ್ಲುವುದು, ಕೆಲವೊಮ್ಮೆ ಕೈಯಿಂದಲೇ ಕಳೆಯುವುದು ಕಂಡುಬರುತ್ತದೆ. ಕಾಡಿಗೆ ಬಿಡಬೇಕಾದದ್ದು ಅದನ್ನೇ. ತಗ್ಗನ್ನು ರಾಗಿಗೇ ಉಳಿಸಿಕೊಳ್ಳಬೇಕು.

ಜಮೀನಿನ ಮಾರುಕಟ್ಟೆ ಬೆಲೆಯನ್ನು ಈ ಲೆಕ್ಕದ ಪುಸ್ತಕದಿಂದ ಹೊರಗಿಡಿ. ದೇವನಹಳ್ಳಿ ಕಡೆಯ ಜಮೀನಿಗೆ ಬೆಲೆ ಏರಿದ್ದು ವಿಮಾನ ನಿಲ್ದಾಣದಿಂದಲೇ ಹೊರತು ಅಲ್ಲಿ ನೆಟ್ಟ ನೇರಳೆಯಿಂದಲ್ಲ. ಸಾಲ ಮಾಡಿ ಜಮೀನು ಕೊಂಡವರಿಗೆ ಮಾತ್ರ ಅದರ ಬಡ್ಡಿ ನಿಜವಾದ ಖರ್ಚು. ಎಕರೆಗೆ ಒಂದು ಕೋಟಿ ಕೊಟ್ಟು, ಶೇ 8ರ ಬಡ್ಡಿ ಕಟ್ಟುವವರಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ಹೊರೆ. ಅದನ್ನು ತೀರಿಸುವಷ್ಟು ಹುಣಸೆಹಣ್ಣು, ಜೇನು, ಹುಲ್ಲು ಯಾವ ಎಕರೆಯಲ್ಲಿಯೂ ಆಗುವುದಿಲ್ಲ. ಅಂಥವರು ಮಾಡುವುದು ದಾನ. ಅದನ್ನು ಹೂಡಿಕೆ ಎಂದು ಮನೆಯವರಿಗೆ ಹೇಳಬಾರದು.

ಎರಡನೆಯದು: ನೆಡಬೇಕೋ, ಬಿಡಬೇಕೋ?

ಹೆಸರಘಟ್ಟದ ಬಯಲನ್ನು ನೋಡಿದವರಿಗೆ ಗೊತ್ತು, ಹುಲ್ಲುಗಾವಲು ಕಾಡಾಗದೆ ಉಳಿದ ಪಾಳು ಜಾಗವಲ್ಲ; ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಅದೇ ನೆಲೆ, ಅಲ್ಲಿ ಮರ ನೆಟ್ಟರೆ ಆ ನೆಲೆಯೇ ಕೆಡುತ್ತದೆ. ಆದ್ದರಿಂದ ಗುಂಡಿ ತೋಡುವ ಮುಂಚೆ ಒಂದು ಮಳೆಗಾಲ ಜಾನುವಾರು ಬಿಡದೆ ಕಾದು ನೋಡುವುದು ಅತಿ ಅಗ್ಗದ ಪರೀಕ್ಷೆ. ತಂಗಡಿ, ಕಾರೆ, ಬೇವು, ಹೊಂಗೆ ತಾವಾಗಿಯೇ ಚಿಗುರಿದರೆ ನೆಲದಲ್ಲಿ ಬೇರೂ ಬೀಜವೂ ಉಳಿದಿವೆ ಎಂದರ್ಥ. ಅಂಥಲ್ಲಿ ಲಂಟಾನ ಕಿತ್ತು ಕಾವಲು ಹಾಕಿದರೆ ಸಾಕು, ಸಸಿ, ಗುಂಡಿ, ಬೇಸಿಗೆಯ ಟ್ಯಾಂಕರ್ ನೀರು ಮೂರರ ಖರ್ಚೂ ಬಹುಪಾಲು ಉಳಿಯುತ್ತದೆ.

ನೀಲಗಿರಿ ತೋಪಾಗಿದ್ದ ಜಮೀನಿನ ಕಥೆ ಬೇರೆ. 2017ರ ಸರ್ಕಾರಿ ಆದೇಶ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ, ಆದರೆ ಹಳೆಯ ಬುಡಗಳು ಆದೇಶ ಕೇಳುವುದಿಲ್ಲ. ಕಡಿದ ಬುಡದ ಸುತ್ತ ತೊಗಟೆಯ ಅಂಚಿನಿಂದ ಹತ್ತಾರು ಕೂಳೆ ಚಿಗುರು ಗುಂಪಾಗಿ ಏಳುತ್ತವೆ. ಅವನ್ನು ಮುರಿದರೆ ಮತ್ತೆ ಬರುತ್ತವೆ, ಜೆಸಿಬಿ ತಂದು ಬುಡ ಕೀಳಿಸುವವರೆಗೂ ಪಕ್ಕದ ಸಸಿಗೆ ಸಿಗಬೇಕಾದ ತೇವವನ್ನು ಹೀರುತ್ತಿರುತ್ತವೆ. ಎಕರೆಯಲ್ಲಿ ಎಷ್ಟು ಬುಡಗಳಿವೆ ಎಂದು ಎಣಿಸದೆ ಇಂಥ ಜಮೀನಿಗೆ ಅಂದಾಜುಪಟ್ಟಿ ಮಾಡಲೇಬಾರದು. ಕಿತ್ತ ಬುಡ ಸೌದೆಗೆ ಹೋಗುತ್ತದೆ, ಯಂತ್ರದ ಬಾಡಿಗೆಯ ಒಂದು ಭಾಗ ಅದರಿಂದ ಹುಟ್ಟುತ್ತದೆ.

ಮೂರನೆಯದು: ಬೇಲಿಯ ಗಣಿತ

ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಅಗ್ಗ ಎಂಬ ಮಾತಿಗೆ ನಿಜವಾದ ಆಧಾರ ಸಿಗುವುದು ಇಲ್ಲಿ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ನಾಲ್ಕು ಎಕರೆ ಒಟ್ಟಿಗಿದ್ದರೆ ಎಕರೆಗೆ ಬೀಳುವುದು 127 ಮೀಟರ್. ನೂರು ಎಕರೆ ಒಂದೇ ತುಂಡಾಗಿದ್ದರೆ ಎಕರೆಗೆ ಬರೀ 25 ಮೀಟರ್. ಕಲ್ಲುಕಂಬ, ಮುಳ್ಳುತಂತಿ, ಕೂಲಿ ಸೇರಿ ಮೀಟರಿಗೆ 250 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ, ಒಂದೇ ಎಕರೆಯವರಿಗೆ 63,500 ರೂಪಾಯಿ ತಗಲುವಲ್ಲಿ ನೂರು ಎಕರೆಯ ಗುಂಪಿನಲ್ಲಿರುವವರಿಗೆ ಎಕರೆಗೆ 6,400 ರೂಪಾಯಿಯೊಳಗೆ ಮುಗಿಯುತ್ತದೆ. ನಮ್ಮ ಹೊಲಗಳು ಚೌಕವಾಗಿಯೂ ಇರುವುದಿಲ್ಲ. ಅಣ್ಣತಮ್ಮಂದಿರ ಭಾಗವಾದ ಮೇಲೆ 20 ಮೀಟರ್ ಅಗಲದ ಉದ್ದನೆಯ ಪಟ್ಟಿಯಾಗಿ ಉಳಿದ ಒಂದು ಎಕರೆಗೆ 440 ಮೀಟರಿಗಿಂತ ಹೆಚ್ಚು ಬೇಲಿ ಬೇಕು, ಆ ದರದಲ್ಲಿ ಒಂದು ಲಕ್ಷ ದಾಟುತ್ತದೆ. ಪಕ್ಕದ ಭಾಗದವರನ್ನು ಒಪ್ಪಿಸಿ ನಡುವಣ ಬೇಲಿ ಉಳಿಸುವುದು ಯಾವ ಸಹಾಯಧನಕ್ಕಿಂತಲೂ ದೊಡ್ಡ ಉಳಿತಾಯ.

ಕಾವಲುಗಾರನ ಸಂಬಳ, ಬೆಂಕಿ ತಡೆಯಲು ಬೇಸಿಗೆಗೆ ಮುಂಚೆ ಹುಲ್ಲು ಹೆರೆಯುವ ಕೂಲಿ ಕೂಡ ಹೀಗೆಯೇ ಹಂಚಿಹೋಗುತ್ತವೆ. ಆದರೆ ಭೂ ಹಿಡುವಳಿಗೆ ಕಾನೂನಿನ ಗರಿಷ್ಠ ಮಿತಿ ಇರುವುದರಿಂದ ನೂರಾರು ಎಕರೆ ಒಬ್ಬರದೇ ಆಗಿರುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಇದು ನೆರೆಹೊರೆಯವರು ಕೂಡಿ ಮಾಡುವ ಕೆಲಸ.

ನಾಲ್ಕನೆಯದು: ಯಾರು ದುಡ್ಡು ಕೊಡುತ್ತಾರೆ?

ಅಮೆರಿಕದಲ್ಲಿ 1985ರ ಕೃಷಿ ಕಾನೂನಿನಡಿ ಶುರುವಾದ ಯೋಜನೆಯಲ್ಲಿ ಸರ್ಕಾರವೇ ರೈತರೊಂದಿಗೆ 10ರಿಂದ 15 ವರ್ಷಗಳ ಕರಾರು ಮಾಡಿಕೊಂಡು, ಹೊಲ ಬಿಟ್ಟದ್ದಕ್ಕೆ ವರ್ಷ ವರ್ಷವೂ ಬಾಡಿಗೆ ಕೊಡುತ್ತದೆ. ಕೋಸ್ಟರಿಕಾ 1997ರಿಂದ ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿದ ಜಮೀನುದಾರರಿಗೆ ಹಂಚುತ್ತಿದೆ. ಎರಡೂ ಕಡೆ ಸರ್ಕಾರ ತುಂಬಿಕೊಟ್ಟದ್ದು ಕೈಬಿಟ್ಟ ಆದಾಯವನ್ನು. ನಮ್ಮಲ್ಲಿ ಇರುವುದು ಗಿಡದ ಲೆಕ್ಕ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ನರ್ಸರಿಯಿಂದ ಕೊಂಡು ನೆಟ್ಟು ಬದುಕಿಸಿದ ಪ್ರತಿ ಗಿಡಕ್ಕೆ ಮೂರು ವರ್ಷಗಳಲ್ಲಿ 35, 40 ಮತ್ತು 50, ಹೀಗೆ ಒಟ್ಟು 125 ರೂಪಾಯಿ ನಿಗದಿಯಾಗಿದೆ, ಹೆಕ್ಟೇರಿಗೆ 400 ಗಿಡಗಳ ಮಿತಿ ಇದೆ. ಎಕರೆಗೆ 160 ಗಿಡ ಎಲ್ಲವೂ ಉಳಿದರೆ 20,000 ರೂಪಾಯಿ, ನೂರಕ್ಕೆ ಅರವತ್ತು ಉಳಿದರೆ 12,000. ಈಗಿನ ದರವನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಅರ್ಜಿ ಹಾಕಬೇಕು. ಹುಲ್ಲುಗಾವಲಿಗೆ ಇದರಿಂದ ಏನೂ ಸಿಗುವುದಿಲ್ಲವೆಂಬುದು ಈ ಯೋಜನೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ನಾಲ್ಕನೆಯ ವರ್ಷದಿಂದ ಪ್ರೋತ್ಸಾಹಧನವಿಲ್ಲ, ಹುಣಸೆ, ನೇರಳೆ ಇನ್ನೂ ಕಾಯಿಬಿಟ್ಟಿರುವುದಿಲ್ಲ. ಈ ಅಂತರದಲ್ಲಿಯೇ ಬೇಲಿ ಬಿದ್ದು ಮೇಕೆಗಳು ಒಳಗೆ ಬರುವುದು. ಕೊಯ್ದು ಒಯ್ಯುವ ಹುಲ್ಲು ಒಂದೇ ಆಗ ಮಳೆಗಾಲ ಕಳೆದೊಡನೆ ಕೈಸೇರುವ ಆದಾಯ. ಇಂಗಾಲದ ಕ್ರೆಡಿಟ್, ಅಂದರೆ ಮರಗಳು ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ದುಡ್ಡಿನ ಆಸೆ ತೋರಿಸುವವರಿಗೆ ಕೇಳಬೇಕಾದದ್ದು ಒಂದೇ: ಅಳತೆ ಮತ್ತು ಪರಿಶೀಲನೆಯ ಖರ್ಚು ಯಾರದು? ಆ ಖರ್ಚು ಐದು ಎಕರೆಗೂ ಐನೂರು ಎಕರೆಗೂ ಹೆಚ್ಚುಕಡಿಮೆ ಹತ್ತಿರವೇ ಇರುವುದರಿಂದ ಚಿಕ್ಕ ಹಿಡುವಳಿಗೆ ಒಂಟಿಯಾಗಿ ಅದು ಗಿಟ್ಟುವುದಿಲ್ಲ.

ಐದನೆಯದು: ಇಪ್ಪತ್ತು ವರ್ಷದ ದುಡ್ಡಿಗೆ ಇಂದಿನ ಬೆಲೆ

ಶ್ರೀಗಂಧದ ಸಸಿ ನೆಟ್ಟ ತೋಟದ ತುಂಡುಗಳನ್ನು ಮಾರುವವರು ಇಪ್ಪತ್ತು ವರ್ಷಕ್ಕೆ ಇಷ್ಟು ಲಕ್ಷ ಎನ್ನುತ್ತಾರೆ. ಆ ಮೊತ್ತ 5 ಲಕ್ಷ ಎನ್ನೋಣ. ಅದಕ್ಕಾಗಿ ವರ್ಷಕ್ಕೆ 10,000 ರೂಪಾಯಿಯ ಬೆಳೆ ಬಿಡಬೇಕು ಎನ್ನೋಣ. ಶೇ 8ರ ಬಡ್ಡಿಯಲ್ಲಿ ಹಿಂದಕ್ಕೆ ಎಣಿಸಿದರೆ, ಅಂದರೆ ಇಂದು ಎಷ್ಟನ್ನು ಬಡ್ಡಿಗಿಟ್ಟರೆ ಆಗ ಅಷ್ಟಾಗುತ್ತದೆ ಎಂದು ನೋಡಿದರೆ, ಆ 5 ಲಕ್ಷದ ಇಂದಿನ ಬೆಲೆ ಸುಮಾರು 1,07,000 ರೂಪಾಯಿ, ಬಿಟ್ಟ ಬೆಳೆಯದು 98,000, ಕೂದಲೆಳೆಯಲ್ಲಿ ಲಾಭ. ಶೇ 12ಕ್ಕೆ ಏರಿಸಿದರೆ 52,000ಕ್ಕೆ ಎದುರಾಗಿ 75,000, ಅಂದರೆ ನಷ್ಟ. ನೂರಕ್ಕೆ ಎರಡರ ಕೈಸಾಲದಲ್ಲಿ, ಅಂದರೆ ವರ್ಷಕ್ಕೆ ಶೇ 24ರಲ್ಲಿ, ಬದುಕು ನಡೆಸುತ್ತಿರುವ ಕುಟುಂಬಕ್ಕೆ ಅದೇ 5 ಲಕ್ಷ ಇಂದು 7,000 ರೂಪಾಯಿಗೂ ಬಾಳುವುದಿಲ್ಲ. ಆದ್ದರಿಂದ ಸಾಲದಲ್ಲಿರುವ ಮನೆಯವರು ಮೊದಲು ಸಾಲ ತೀರಿಸಬೇಕು, ಕಾಡು ಆಮೇಲೆ. ಮರ ಕಡಿದರಷ್ಟೇ ಕೈಗೆ ಬರುವ ದುಡ್ಡನ್ನು ವನ್ಯಜೀವಿ ನೆಲೆಯ ಆದಾಯವೆಂದು ಬರೆದುಕೊಳ್ಳುವುದೂ ಸರಿಯಲ್ಲ.

ಕೊನೆಯದು: ಕಾಗದಪತ್ರ

ಭೂಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಹಾಗಾಗಿ ನಗರದ ಸಂಸ್ಥೆಯೋ ಕಂಪನಿಯೋ ರೈತರ ಹೊಲವನ್ನು ಇಪ್ಪತ್ತು ವರ್ಷಕ್ಕೆ ವಹಿಸಿಕೊಳ್ಳುತ್ತೇವೆ ಎಂದರೆ, ಸ್ವಾಧೀನ ರೈತರ ಬಳಿಯೇ ಇದ್ದು ಮಾಡಿದ ಕೆಲಸಕ್ಕೆ ವರ್ಷ ವರ್ಷ ಹಣ ಬರುವಂಥ ಕರಾರನ್ನು ವಕೀಲರಿಂದ ಬರೆಸಬೇಕು. ನೆಟ್ಟ ಮರಗಳ ಜಾತಿ ಮತ್ತು ಸಂಖ್ಯೆ ಸರ್ವೇ ಸಂಖ್ಯೆಯ ಸಮೇತ ದಾಖಲಾಗಿರಲಿ, ಏಕೆಂದರೆ ಮುಂದೆ ಮರ ಕಡಿಯಬೇಕಾಗಿ ಬಂದು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೇಳುವಾಗ ಆ ದಾಖಲೆ ನೆರವಿಗೆ ಬರುತ್ತದೆ.

ನೆರೆಯವರ ನಷ್ಟವನ್ನೂ ಕರಾರಿನಲ್ಲಿಯೇ ಸೇರಿಸಿ. ಪೊದೆ ಬೆಳೆದ ಮೇಲೆ ಕಾಡುಹಂದಿ, ನವಿಲು ಬರುತ್ತವೆ, ಅವು ಮೇಯುವುದು ಪಕ್ಕದವರ ನೆಲಗಡಲೆಯನ್ನು. ಇಲಾಖೆಯ ಪರಿಹಾರ ಬರುವವರೆಗೆ ಕೈಹಿಡಿಯಲು ವಾರ್ಷಿಕ ಮೊತ್ತದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಅದನ್ನು ಯಾರ ಸಹಿಯ ಮೇಲೆ ಕೊಡಬೇಕೆಂಬುದನ್ನು ಮೊದಲ ಗಿಡ ನೆಡುವ ಮೊದಲೇ ಊರಿನವರ ಮುಂದೆ ತೀರ್ಮಾನಿಸಿಕೊಳ್ಳಬೇಕು. ಭಾಗೀದಾರರಲ್ಲಿ ಒಬ್ಬರು ನಡುವೆ ಜಮೀನು ಮಾರಿದರೆ ಅಲ್ಲಿಯವರೆಗೆ ಪಡೆದ ಹಣದಲ್ಲಿ ಎಷ್ಟನ್ನು ಹಿಂದಿರುಗಿಸಬೇಕು, ಒಡೆದ ಬೇಲಿಯನ್ನು ಯಾರು ಮುಚ್ಚಿಸಬೇಕು ಎಂಬ ಎರಡು ಸಾಲುಗಳೂ ಅದೇ ಕಾಗದದಲ್ಲಿರಲಿ.